ಪಟ್ಟಿಯಲ್ಲಿಲ್ಲದ ಕೆಲಸ

ಮಾನ್ವಿಯ ಬಸ್ಸು ಕಲ್ಲೂರು ದಾಟುವಷ್ಟರಲ್ಲಿ ಶೇಖಮ್ಮ ತನ್ನ ಸಮರ್ಥನೆಯನ್ನು ಮನಸ್ಸಿನಲ್ಲೇ ಏಳೆಂಟು ಸಲ ಹೇಳಿಕೊಂಡಾಗಿತ್ತು. ಸೋಮವಾರ ಬರುತ್ತೇನೆಂದು ಮಾನ್ವಿಯ ಭೀಮವ್ವನಿಗೆ ಮಾತು ಕೊಟ್ಟಿದ್ದು ನಿಜ. ಆದರೆ ಸೋಮವಾರ ಸಂಘದ ಕಾರ್ಯದರ್ಶಿ ರಾಮಲಿಂಗಪ್ಪನವರು ವರದಿ ಬರೆಯಲು ಕೂಡಿಸಿದರು, ಮಂಗಳವಾರ ದೇವದುರ್ಗದ ಸರದಿ, ಬುಧವಾರ ಇಡೀ ದಿನ ಆ ವರದಿಯ ಟೈಪು. ಇವತ್ತು ಗುರುವಾರ. ಯಾರೂ ಕೇಳದಿದ್ದರೂ ಉತ್ತರ ಕೈಯಲ್ಲಿರಬೇಕು ಅನ್ನುವುದು ಆರು ವರ್ಷದ ನೌಕರಿ ಕಲಿಸಿದ ಅಭ್ಯಾಸ. ಕಿಟಕಿಯಿಂದ ಬೀಸುತ್ತಿದ್ದ ಬಿಸಿಗಾಳಿಗೆ ಕಣ್ಣು ಮುಚ್ಚಿದರೆ, ಟೈಪಾದ ಕಾಗದದ ಮೇಲಿನ ಆ ಸಾಲು ಕಾಣುತ್ತಿತ್ತು: 'ಓಣಿಯ ಆರು ಮನೆಗಳವರು ಸರದಿಯಂತೆ ವೃದ್ಧೆಯ ಊಟ, ನೀರು ಹಾಗೂ ವೈಯಕ್ತಿಕ ಸ್ವಚ್ಛತೆಯ ಹೊಣೆಯನ್ನು ಸ್ವಸಂತೋಷದಿಂದ ವಹಿಸಿಕೊಂಡಿದ್ದಾರೆ.' ರಾಮಲಿಂಗಪ್ಪನವರು ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದ್ದರು. 'ಇದನ್ನ ದುಡ್ಡು ಕೊಡೋ ಬೆಂಗಳೂರಿನವರಿಗೆ ಕಳಿಸೋಣ ಶೇಖಮ್ಮ. ಹ್ಯಾಂಗೂ ಮುಂದಿನ ವಾರ ಬರ್ತಾರ, ಅವರೇ ನೋಡಲಿ' ಎಂದಿದ್ದರು. ಆಗ ಹಿಗ್ಗಾಗಿತ್ತು. ಈಗ, ಹೋಗಿ ನೋಡದೆಯೇ ಆ ಸಾಲು ಬರೆದೆನಲ್ಲ ಎಂಬುದು ಆ ಹಿಗ್ಗನ್ನು ಚುಚ್ಚುತ್ತಿತ್ತು.

ಅಂಗವಿಕಲರ ವರ್ಷ ಎಂದು ದೇಶವೆಲ್ಲ ಆಚರಿಸಿ ಮೂರು ವರ್ಷವಾಗಿತ್ತು. ಹಳೆಯ ಕೆಲಸ ಬಿಟ್ಟು ಅವಳು ಸಂಘಕ್ಕೆ ಸೇರಿದ್ದೂ ಆ ವರ್ಷವೇ. ಹಾಸಿಗೆ ಹಿಡಿದವರನ್ನು, ನಡೆಯಲಾಗದವರನ್ನು ಅವರವರ ಮನೆಯಲ್ಲೇ, ಅವರವರ ಓಣಿಯಲ್ಲೇ ನೋಡಿಕೊಳ್ಳುವಂತೆ ಮಾಡುವುದು ಸಂಘದ ಕೆಲಸ. ಯಾರಿಗೆ ಏನು ಬೇಕು, ಅದನ್ನು ಯಾರು ಮಾಡಬೇಕು ಎಂದು ಫೈಲಿನಲ್ಲಿ ಬರೆದು, ತಿಂಗಳಿಗೆರಡು ಸಲ ಹೋಗಿ ನೋಡಿಬರುವುದು ಶೇಖಮ್ಮನ ಕೆಲಸ. ರಾಯಚೂರು, ದೇವದುರ್ಗ, ಮಾನ್ವಿ ಮೂರೂ ತಾಲೂಕು ಸೇರಿ ನಲವತ್ತೊಂದು ಫೈಲುಗಳು ಅವಳ ಪಾಲಿಗಿದ್ದವು. ಭೀಮವ್ವನದು ಅದರಲ್ಲಿ ಅತಿ ಸರಳವಾದ ಫೈಲು. ಗದ್ದೆ ಕೂಲಿಗೆ ಹೋಗುತ್ತಿದ್ದ ಹೆಂಗಸು. ಗಂಡ ತೀರಿಕೊಂಡವಳು, ಮಕ್ಕಳಿಲ್ಲ. ಎಂಟು ವರ್ಷದ ಹಿಂದೆ ಬದುವಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಅದು ಅಡ್ಡಾದಿಡ್ಡಿ ಕೂಡಿಕೊಂಡು, ಅಂದಿನಿಂದ ನೆಲ ಹಿಡಿದವಳು. ಸರಳ ಯಾಕೆಂದರೆ ಪಕ್ಕದ ಮನೆಯ ಶಹಜಾದಿ ಬೇಗಂ ಎಲ್ಲವನ್ನೂ ಮಾಡುತ್ತಿದ್ದಳು. ಕೌದಿ ಹೊಲಿದು ಬದುಕುವ ವಿಧವೆ. ಬೆಳಿಗ್ಗೆ ಭೀಮವ್ವನನ್ನು ತೊಳೆದು, ಸೀರೆ ಬದಲಿಸಿ, ತಿನ್ನಿಸಿ, ಬಾಗಿಲಿಗೆ ಹೊರಳಿಸಿ ಮಲಗಿಸಿ, ಅಲ್ಲೇ ಹೊಸ್ತಿಲಲ್ಲಿ ಸೂಜಿ ಹಿಡಿದು ಕೂರುತ್ತಿದ್ದಳು. ಶೇಖಮ್ಮ ಹೋಗಿ, ಕೂತು, ಚಹಾ ಕುಡಿದು, 'ತೃಪ್ತಿಕರ' ಎಂದು ಬರೆದು ಎದ್ದು ಬರುತ್ತಿದ್ದಳು.

ಹೋದ ತಿಂಗಳು ಹಾಗೆ ಎದ್ದು ಹೊರಟವಳನ್ನು ಬೇಗಂ ನಿಲ್ಲಿಸಿದ್ದಳು. ಯರಗೇರಾದಲ್ಲಿರುವ ಮಗಳು ಬಸಿರಿ. ಎರಡು ಸಲ ನಿಂತ ಬಸಿರು ಇಳಿದುಹೋಗಿತ್ತು. ಈ ಸಲ ಬಸ್ಸು ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳನ್ನು ಹೆರಿಗೆಗೆ ತವರಿಗೆ ಕರೆತರುವಂತಿರಲಿಲ್ಲ.

"ನಾನ ಹೋಗ್ಬೇಕ್ರಿ ಅಕ್ಕಾರ. ನಲವತ್ತು ದಿನ."

"ಭೀಮವ್ವಂದು ಹ್ಯಾಂಗ ಮಾಡ್ತೀರಿ ಬೇಗಂ?" ಎಂದು ಶೇಖಮ್ಮ ತಟ್ಟನೆ ಕೇಳಿದ್ದಳು. ಬೇಗಂ ಕೈಯಲ್ಲಿದ್ದ ಕೌದಿಯನ್ನು ಕೆಳಗಿಟ್ಟು ಅವಳನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನಾಟಿತು.

"ಎಂಟ್ ವರ್ಸ ಆತ್ರಿ. ನೀವು ಬರಾಕತ್ತಿ ಮೂರು ವರ್ಸ. ಬಂದಾಗೊಮ್ಮೆ ಭೀಮವ್ವ ಹ್ಯಾಂಗದಾಳಂತ ಕೇಳ್ತೀರಿ. ಬೇಗಂ ಹ್ಯಾಂಗದಾಳಂತ ಒಂದ್ ದಿನಾನೂ ಕೇಳಿಲ್ಲ. ನಂದೂ ಸೊಂಟ ಹಿಡೀತದ ಅಕ್ಕಾರ. ಈಗ ಕೇಳಿದ್ದೂ ಭೀಮವ್ವಂದ ಕೇಳಿದ್ರಿ."

ಆ ಮಾತಿನ ನಾಚಿಕೆಯಿಂದಲೇ ಇರಬೇಕು, ಶೇಖಮ್ಮ ಆಮೇಲೆ ಓಡಾಡಿದ್ದು ಮೈಮೇಲೆ ಬಂದವಳ ಹಾಗೆ. ರಾಯಚೂರಿನಲ್ಲಿ ಸಂಘದ್ದೇ ಒಂದು ಆಶ್ರಮವಿತ್ತು. ನಲವತ್ತು ದಿನ ಅಲ್ಲಿಟ್ಟುಕೊಳ್ಳಿ ಎಂದು ಕೇಳಿದಳು. ರಾಮಲಿಂಗಪ್ಪನವರು ಕನ್ನಡಕ ತೆಗೆದು ಒರೆಸುತ್ತ, 'ಸೇರಿಸೋದಾದ್ರೆ ಕಾಯಂ ಸೇರಿಸ್ರಿ. ಬಂದು ಹೋಗಾಕ ಅದು ಬಸ್ ಸ್ಟ್ಯಾಂಡಲ್ಲ' ಅಂದರು. ಕಾಯಂ ಎಂದರೆ ಮಾನ್ವಿಯ ಆ ಖೋಲಿ ಬಿಡಬೇಕು, ಓಣಿ ಬಿಡಬೇಕು, ಬೇಗಂ ಮರಳಿ ಬಂದಾಗ ಪಕ್ಕದ ಬಾಗಿಲಿಗೆ ಬೇರೆ ಯಾರದೋ ಬೀಗ. ಭೀಮವ್ವ ಕೇಳಿದ್ದೇ ತಡ, 'ನನ್ನ ಇಲ್ಲೇ ಹೂತುಬಿಡ್ರಿ' ಎಂದು ಗೋಡೆಗೆ ಮುಖ ಮಾಡಿದಳು. ಆಗ ಹೊಳೆದದ್ದು ಪಾಳಿಯ ಪಟ್ಟಿ. ಬೋರಿಂಗಿನ ಕೈಪಂಪಿನ ಹತ್ತಿರ ಓಣಿಯವರನ್ನು ಕೂಡಿಸಿ, ಮೂವತ್ತು ವರ್ಷ ನಿಮ್ಮ ಜೊತೆ ಬಾಳಿದ ಹೆಂಗಸು, ನಲವತ್ತು ದಿನ ನೀವೆಲ್ಲ ಕೈಹಚ್ಚಿದರೆ ಆಯಿತು ಎಂದಳು. ಎಲ್ಲರೂ ತಲೆಯಾಡಿಸಿದರು. ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ವಿರೂಪಣ್ಣ ಓಣಿಯ ಹಿರಿಯನ ಠೀವಿಯಿಂದ, ಮಧ್ಯಾಹ್ನದ ರೊಟ್ಟಿ ನಮ್ಮ ಮನಿಯಿಂದ ಎಂದ. ಎದುರುಮನೆಯ ಅಮರಮ್ಮ, ಗಟ್ಟಿಮುಟ್ಟಾದ, ಕಡಿಮೆ ಮಾತಿನ ಹೆಂಗಸು, ಬೆಳಗಿನ ನೀರು ನಂದು ಎಂದಳು. ಮಿಕ್ಕ ಮನೆಗಳೂ ಒಂದೊಂದು ಒಪ್ಪಿಕೊಂಡವು. ಸಭೆ ಮುಗಿದ ಮೇಲೆ ವಿರೂಪಣ್ಣ ಹತ್ತಿರ ಬಂದು, "ನಿಮ್ಮೂರು ಗುಂಜಹಳ್ಳಿ ಅಂದ್ರಲ್ಲ. ಗುಂಜಹಳ್ಯಾಗ ಯಾವ ಕಡೀ ಓಣಿ ಅಕ್ಕಾರ ನಿಮ್ದು?" ಎಂದು ನಗುತ್ತ ಕೇಳಿದ. ಶೇಖಮ್ಮ ಹೇಳಿದಳು. ಅವನು ನಗುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅಷ್ಟೇ. ಅಂಥ ಒಂದು ಹೆಜ್ಜೆಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು, ಬಿ.ಎ. ಓದಿದ ಮೇಲೂ, ಚೀಲದಲ್ಲಿ ಸಂಘದ ಮೊಹರಿನ ಸಿಕ್ಕೆಯಿದ್ದ ಮೇಲೂ ಆ ಹೆಜ್ಜೆಯ ಉದ್ದ ಅಷ್ಟೇ ಇತ್ತು.

ಶನಿವಾರ ಬೇಗಂ ಯರಗೇರಾಕ್ಕೆ ಹೋದ ಮೇಲೆ ಶೇಖಮ್ಮ ಇತ್ತ ಬರುತ್ತಿರುವುದು ಇದೇ ಮೊದಲು. ಮಾನ್ವಿಯಲ್ಲಿ ಇಳಿದಾಗ ಹತ್ತು ಗಂಟೆಯ ಬಿಸಿಲೇ ತಲೆ ಸುಡುತ್ತಿತ್ತು. ಓಣಿಯ ತಿರುವಿನಲ್ಲೇ ಅವಳಿಗೆ ಗೊತ್ತಾಯಿತು, ಏನೋ ಸರಿಯಿಲ್ಲ. ಬೋರಿಂಗಿನ ಹತ್ತಿರ ನಿಂತಿದ್ದ ಇಬ್ಬರು ಹೆಂಗಸರು ಅವಳನ್ನು ನೋಡಿದವರೇ ಕೊಡ ಅರ್ಧಕ್ಕೇ ಎತ್ತಿಕೊಂಡು ಒಳಗೆ ಹೋದರು. ಭೀಮವ್ವನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದೊಡನೆ ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ಮೊದಲು ಗೋಡೆಯ ಮೇಲೆ ತಾನೇ ಅಂಟಿಸಿದ ಪಟ್ಟಿ ಕಂಡಿತು. ನೀಲಿ ಮಸಿಯಲ್ಲಿ ಬರೆದ ದುಂಡನೆಯ ಅಕ್ಷರ, ವಾರಗಳ ಕೆಳಗೆ ಹೆಸರುಗಳು. ಅದರ ಕೆಳಗೆ ಭೀಮವ್ವ ತನ್ನದೇ ಹೊಲಸಿನಲ್ಲಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ತಲೆಯ ಹತ್ತಿರ ಮೂರು ರೊಟ್ಟಿ, ಮುಚ್ಚಿದ ಪಲ್ಯದ ಬಟ್ಟಲು, ತುಂಬಿದ ನೀರಿನ ತಂಬಿಗೆ ಇದ್ದವು. ರೊಟ್ಟಿ ಬಂದಿತ್ತು, ನೀರು ಬಂದಿತ್ತು. ಪಟ್ಟಿಯಲ್ಲಿ ಬರೆದದ್ದೆಲ್ಲ ಬಂದಿತ್ತು.

"ಯವ್ವಾ" ಎಂದಳು ಶೇಖಮ್ಮ.

"ಸೋಮಾರ ಬರ್ತೀನಂದಿದ್ದಿ" ಎಂದಳು ಭೀಮವ್ವ. ದಾರಿಯುದ್ದಕ್ಕೂ ಕಲಿತ ಉತ್ತರವನ್ನು ಬಿಟ್ಟು ಶೇಖಮ್ಮ ಬಾಗಿಲನ್ನು ಪೂರ್ತಿ ತೆರೆದಿಟ್ಟಳು.

ಅವಳು ಹೊರಗೆ ಬಂದು ಎದುರುಮನೆಯ ಬಾಗಿಲು ಬಡಿದಳು. ಅಮರಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಬಂದು, ಕೇಳುವ ಮೊದಲೇ, "ನೀರು ಕೊಟ್ಟೀನ್ರಿ ನಾ. ಎಲ್ಡು ದಿನ ಮುಖ ಮೈ ತೊಳದೀನಿ. ಸುಳ್ಳು ಹೇಳಂಗಿಲ್ಲ" ಎಂದಳು.

"ಮತ್ತ ಹಿಂಗ ಬಿಡೋದೇನ್ರಿ? ಮನಷ್ಯಾಳಲ್ಲೇನು ಆಕಿ?"

"ಹೇಲು ಬಳಿಯೋದು ನೀವು ಹೇಳಿದ್ದಿಲ್ಲ."

"ಸ್ವಚ್ಛತಾ ಅಂತ ಬರದಿದ್ದೆ..."

"ಸ್ವಚ್ಛತಾ ಅಂದ್ರ ನಮಗೇನ್ ತಿಳೀತದ್ರಿ? ಕಸ ಹೊಡಿಯೋದಂತ ತಿಳ್ಕೊಂಡ್ವಿ. ಬೋರಿಂಗಿನ್ ಹಂತ್ಯಾಕ ನಿಂತು ಹಿಂಗಿಂಗದ, ಯಾರು ಮಾಡ್ತೀರಿ ಅಂತ ಬಾಯಿಬಿಟ್ಟು ಕೇಳಿದ್ರ, ಆಗ್ತದ ಇಲ್ಲ ಅಂತಿದ್ವಿ. ನೀವು ಕೇಳ್ಲಿಲ್ಲ, ನಾವು ಅನಲಿಲ್ಲ."

ಅಮರಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪಟ್ಟಿ ಬರೆಯುವಾಗ ಪೆನ್ನು ಆ ಜಾಗಕ್ಕೆ ಬಂದು ನಿಂತದ್ದು, 'ಮಲ' ಎಂದು ಬರೆಯಲು ಹೋಗಿ ಬೇಡವೆನ್ನಿಸಿದ್ದು, ಪುಸ್ತಕದ ಒಂದು ಪದ ಸಿಕ್ಕಿದ್ದಕ್ಕೆ ನಿರಾಳವಾದದ್ದು ಶೇಖಮ್ಮನಿಗೆ ನೆನಪಿತ್ತು. ಬೋರಿಂಗಿನ ಹತ್ತಿರ ಆ ಓಣಿಯವರ ಎದುರು, ಗುಂಜಹಳ್ಳಿಯ ಆ ಕಡೆಯವಳಾದ ತಾನು, ಆ ಶಬ್ದವನ್ನು ತನ್ನ ಬಾಯಿಂದ ಆಡಲು ಅಂಜಿದ್ದಳು. ಅವಳ ಅವ್ವ ದುರುಗಮ್ಮ, ಊರ ಗೌಡರ ಮನೆಯ ಹಿಂದಿನ ಬಾಗಿಲಿಗೆ ಹೋಗಿ, ಹಾಸಿಗೆ ಹಿಡಿದಿದ್ದ ಗೌಡರ ತಾಯಿಯ ಬಟ್ಟೆಗಳನ್ನು ಕಟ್ಟಿಗೆಯ ತುದಿಯಿಂದ ಇಸಿದುಕೊಂಡು ಹಳ್ಳಕ್ಕೆ ಒಯ್ಯುತ್ತಿದ್ದಳು. ತಿರುಗಿ ಬಂದು ಬೂದಿಯಿಂದ ಮೊಣಕೈವರೆಗೆ ತಿಕ್ಕಿಕೊಂಡು, ಮಗಳ ಕೈಯಲ್ಲಿ ಪಾಟಿ ಇಟ್ಟು ಹೇಳುತ್ತಿದ್ದಳು: 'ನೀ ಯಾರ ಹೊಲಸಿಗೂ ಕೈ ಹಾಕಬಾರ್ದು. ಅದಕ್ಕ ಸಾಲಿಗೆ ಕಳಿಸಾಕತ್ತೀನಿ.' ಅವಳು ಓದಿದಳು. ಕೈ ಹಾಕಲಿಲ್ಲ. ನಲವತ್ತೊಂದು ಫೈಲುಗಳ ಮನೆಗಳಿಗೆ ಹೋಗಿ ಯಾರನ್ನೂ ಮುಟ್ಟದೆ ಎಲ್ಲರ ಬಗ್ಗೆ ಬರೆದಳು.

"ಒಂದು ಕೊಡ ನೀರು ಕೊಡ್ರಿ" ಎಂದಳು ಶೇಖಮ್ಮ.

ಅಂದು ಅವಳೇ ತೊಳೆದಳು. ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬೇಕು, ಒಂದೂ ಗೊತ್ತಿರಲಿಲ್ಲ. ಚರ್ಮ ಒದ್ದೆ ಕಾಗದದ ಹಾಗೆ ಕೈಗೆ ಬರುತ್ತದೇನೋ ಎಂಬ ಭಯ. ಬಾಯಿಂದ ಉಸಿರಾಡುತ್ತಿದ್ದೇನೆಂದು ಭೀಮವ್ವನಿಗೆ ತಿಳಿಯಬಾರದೆಂದು ಮುಖ ಆ ಕಡೆ ತಿರುಗಿಸಿಕೊಂಡಳು. ಸೊಂಟದ ಕೆಳಗೆ ರೂಪಾಯಿಯಗಲದ ಹುಣ್ಣಾಗಿತ್ತು, ಅಂಚಿನಲ್ಲಿ ಕಪ್ಪು. ನೀರು ತಾಗಿದಾಗ ಭೀಮವ್ವ ಹಲ್ಲು ಕಚ್ಚಿದಳೇ ಹೊರತು ಕೂಗಲಿಲ್ಲ. ಶೇಖಮ್ಮನ ಮನಸ್ಸು ಆಗಲೇ ಬಸ್ ಸ್ಟ್ಯಾಂಡಿಗೆ ಓಡಿತ್ತು: ಯರಗೇರಾಕ್ಕೆ ಯಾರ ಕೈಯಲ್ಲಾದರೂ ಹೇಳಿಕಳಿಸಿದರೆ ಸಂಜೆಯೊಳಗೆ ಬೇಗಂ ಇಲ್ಲಿರುತ್ತಾಳೆ. ಬಾಯಿಬಿಟ್ಟು ಅಂದಳೂ ಸಹ.

ಭೀಮವ್ವ ಅವಳ ಮುಂಗೈ ಹಿಡಿದುಕೊಂಡಳು. ಎಂಟು ವರ್ಷ ಮಲಗಿದವಳ ಕೈಯಲ್ಲಿ ಅಷ್ಟು ಬಿಗಿ ಇರುತ್ತದೆಂದು ಶೇಖಮ್ಮನಿಗೆ ಗೊತ್ತಿರಲಿಲ್ಲ.

"ಬೇಗಮ್ಮಗ ಹೇಳಿಕಳಿಸಿದಿ ಅಂದ್ರ ನೋಡು. ಎಲ್ಡು ಕೂಸು ಹ್ವಾದಾವ ಅಕಿ ಮಗಳವು. ಇದೂ ನನ್ನ ಸಲುವಾಗಿ ಹ್ವಾತಂದ್ರ ನಾ ಯಾವ ಬಾಯಿಂದ ಅಕಿ ಕೈಯಾಗ ಉಣ್ಲಿ? ನಾ ಹಿಂಗ ಬಿದ್ದಿರ್ತೀನಿ. ಹೇಳಿಕಳಿಸಬ್ಯಾಡ."

ಅಂಚೆ ಕಚೇರಿಯಿಂದ ರಾಯಚೂರಿಗೆ ಫೋನು ಹಚ್ಚಿಸಿ, ಮುಕ್ಕಾಲು ತಾಸು ಬೆಂಚಿನ ಮೇಲೆ ಕೂತು, ಕೊನೆಗೆ ಸಿಕ್ಕ ರಾಮಲಿಂಗಪ್ಪನವರ ದನಿಗೆ ಅವಳು ಎಲ್ಲವನ್ನೂ ಹೇಳಿದಳು. ಸುತ್ತ ನಿಂತವರಿಗೆ ಕೇಳಿಸದಿರಲೆಂದು ಸಣ್ಣಗೆ ಹೇಳಿದರೆ ಅವರಿಗೆ ಕೇಳಿಸುತ್ತಿರಲಿಲ್ಲ, 'ಏನು? ಜೋರಾಗಿ ಹೇಳ್ರಿ' ಎನ್ನುತ್ತಿದ್ದರು. ಕೊನೆಗೆ ಕೂಗಿಯೇ ಹೇಳಿದಳು.

"ಮುಂದಿನ ಶುಕ್ರವಾರ ಬೆಂಗಳೂರಿನವರು ಬರ್ತಾರ ಶೇಖಮ್ಮ. ವರದಿ ಹೋಗಿಬಿಟ್ಟದ. ಅಲ್ಲಿ ತನಕ ಏನಾರ ಮಾಡಿ ಸಂಭಾಳಿಸ್ರಿ" ಎಂದು ಅವರು ಇಟ್ಟುಬಿಟ್ಟರು.

ಏನಾದರೂ ಮಾಡುವುದು ಎಂದರೆ ಇಷ್ಟೇ ಆಯಿತು: ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ ನಾಲ್ಕೂ ದಿನ ಅವಳು ರಾಯಚೂರಿನಿಂದ ಮೊದಲ ಬಸ್ಸಿಗೆ ಬಂದು ಭೀಮವ್ವನನ್ನು ತೊಳೆದಳು. ಅವಳು ಕರೆಸಿದ ಆಸ್ಪತ್ರೆಯ ಕಾಂಪೌಂಡರು ಬಂದು ಹುಣ್ಣಿಗೆ ಔಷಧ ಹಚ್ಚಿ, ಒಣಗಿರಬೇಕು, ಗಳಿಗೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಹೇಳಿಹೋದ. ಗಳಿಗೆಗೊಮ್ಮೆ ಯಾರು ಬದಲಿಸುವುದು? ಅವಳು ಮಧ್ಯಾಹ್ನದ ಬಸ್ಸು ಹಿಡಿಯಬೇಕು. ಆ ವಾರ ಹೋಗಬೇಕಾಗಿದ್ದ ಮಸರಕಲ್ಲಿಗೆ ಹೋಗಲಿಲ್ಲ. ಅಲ್ಲಿ ಬಾವಿ ತೋಡುವಾಗ ಬಿದ್ದು ಬೆನ್ನುಹುರಿ ಕಳೆದುಕೊಂಡ ದುರುಗಪ್ಪನೆಂಬವನಿದ್ದ. ಅವನ ಮೂತ್ರದ ನಳಿಕೆ ಬದಲಿಸಲು ದೇವದುರ್ಗದಿಂದ ನರ್ಸನ್ನು ಕರೆದೊಯ್ಯಬೇಕಿತ್ತು. ನಳಿಕೆ ಬದಲಾಗದೆ ಅವನಿಗೆ ಚಳಿಜ್ವರ ಬಂದಿದೆ ಎಂದು ಆಫೀಸಿಗೆ ಕಾರ್ಡು ಬಂತು. ಕಾರ್ಡು ಓದುವಾಗ ಅವಳ ಕೈಗೆ ಇನ್ನೂ ಡೆಟ್ಟಾಲಿನ ವಾಸನೆ ಹತ್ತಿತ್ತು. ಒಬ್ಬರ ಪಕ್ಕ ಕೂತರೆ ನಲವತ್ತು ಮಂದಿ ಬೀಳುತ್ತಾರೆ, ನಲವತ್ತೊಂದು ಮಂದಿಯನ್ನು ಕಾಗದದಲ್ಲಿ ಎತ್ತಿ ನಿಲ್ಲಿಸಿದರೆ ಒಬ್ಬರೂ ನಿಲ್ಲುವುದಿಲ್ಲ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅವಳು ಮನೆಯಲ್ಲಿ ಅವ್ವನ ಮೇಲೆ ಸಿಡುಕಿದಳು. ದುರುಗಮ್ಮ ಮಗಳು ಸಾಬೂನು ಹಚ್ಚಿ ಹಚ್ಚಿ ಕೈ ತೊಳೆಯುವುದನ್ನು ಮೂರು ದಿನದಿಂದ ನೋಡುತ್ತಿದ್ದಳು. ಬಚ್ಚಲಿನಲ್ಲಿ ಸಾಬೂನಿನ ಪಕ್ಕ ಬೂದಿ ತಂದಿಟ್ಟಳು.

ಸೋಮವಾರ ಅವಳು ಭೀಮವ್ವನ ಕಾಲು ಎತ್ತಿ ಹಿಡಿದು ಬಟ್ಟೆ ಎಳೆಯಲಾರದೆ ಒದ್ದಾಡುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಅಮರಮ್ಮ. ನಾಲ್ಕು ದಿನದಿಂದ ಎದುರುಮನೆಯ ಕಟ್ಟೆಯ ಮೇಲೆ ಕೂತು ಈ ಕಡೆಯೇ ನೋಡುತ್ತಿದ್ದವಳು ಈಗ ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದಳು.

"ಹಂಗಲ್ರಿ. ಮೊಳಕಾಲು ಮಡಿಚಿ ಹೊಳ್ಳಿಸ್ಬೇಕು. ಹಂಗ ಎಳದ್ರ ಹುಣ್ಣು ಕೀಳ್ತದ. ಸರೀರಿ ಅತ್ಲಾಗ."

ಅವಳ ಕೈಗೆ ಆ ಕೆಲಸ ಗೊತ್ತಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ಐದು ವರ್ಷ ನೋಡಿಕೊಂಡಿದ್ದಳಂತೆ. ಎರಡು ಹೊರಳಿಗೆ ಹಾಸಿಗೆ ಬದಲಾಯಿತು, ಮೈ ಒಣಗಿತು, ಬೆನ್ನಿಗೆ ಹಳೆ ಸೀರೆಯ ಸಿಂಬಿ ಬಂತು. ಭೀಮವ್ವ ಆ ವಾರದಲ್ಲಿ ಮೊದಲ ಸಲ ಉದ್ದನೆಯ ಉಸಿರು ಬಿಟ್ಟಳು. ಶೇಖಮ್ಮ ಗೋಡೆಗೆ ಒತ್ತಿ ನಿಂತು, ಅಳು ಬಂದೀತೆಂದು ಮೇಲೆ ಜಂತಿ ನೋಡಿದಳು.

"ನೀವು ದಿನಾ ಬರ್ಬ್ಯಾಡ್ರಿ. ನಾ ಮಾಡ್ತೀನಿ, ಬೇಗಮ್ಮ ಬರೋತನ" ಎಂದಳು ಅಮರಮ್ಮ. "ಆದ್ರ ಒಂದದ. ನನ್ನ ಹೆಸರು ಬರೀಬಾರ್ದು. ಗ್ವಾಡಿ ಮ್ಯಾಲೂ ಬ್ಯಾಡ, ನಿಮ್ಮ ಪುಸ್ತಕದಾಗೂ ಬ್ಯಾಡ. ನನ್ನ ಮಗಳಿಗೆ ಗಂಡು ನೋಡಾಕತ್ತೀವಿ. ಅವರವ್ವ ಮಂದಿ ಹೇಲು ಬಳೀತಾಳ ಅಂದ್ರ ಯಾರು ಬರ್ತಾರ? ಮುಂಜಾನಿ ನೀರು ಕೊಡಾಕ ಹೋಗ್ತೀನಿ, ಅಷ್ಟ. ಓಣ್ಯಾಗ ಯಾರಿಗೂ ಗೊತ್ತಾಗಬಾರ್ದು."

"ಯಾರಿಗೂ ಹೇಳಂಗಿಲ್ಲ" ಎಂದಳು ಶೇಖಮ್ಮ.

"ಆಣಿ ಮಾಡ್ರಿ."

ಯಾವ ದೇವರ ಮೇಲೆ ಎಂದು ಶೇಖಮ್ಮ ಅನುಮಾನಿಸುತ್ತಿರುವಾಗ, ಮಲಗಿದ್ದಲ್ಲಿಂದ ಭೀಮವ್ವ, "ನನ್ನ ಮ್ಯಾಲ ಮಾಡು" ಎಂದು ಕೈ ಚಾಚಿದಳು.

ಶುಕ್ರವಾರ ಜೀಪು ಬಂದು ಬೋರಿಂಗಿನ ಹತ್ತಿರ ನಿಂತಾಗ ಓಣಿ ಗುಡಿಸಿ ನೀರು ಹೊಡೆದಿತ್ತು. ಬೆಂಗಳೂರಿನಿಂದ ಬಂದ ಹೆಂಗಸು ನಡುವಯಸ್ಸಿನವಳು, ದಪ್ಪ ಖಾದಿ ಸೀರೆ, ಮಾತಿಗಿಂತ ಕಣ್ಣು ಚುರುಕು. ಒಳಗೆ ಹೋಗಿ ಭೀಮವ್ವನ ಪಕ್ಕ ನೆಲದ ಮೇಲೇ ಕೂತು, ಹಾಸಿಗೆಯ ಅಡಿ ಕೈಹಾಕಿ ನೋಡಿದಳು, ಬೆನ್ನು, ಒಣಗುತ್ತಿದ್ದ ಹುಣ್ಣು ನೋಡಿದಳು. ಇಂಥವಳಿಗೆ ಮೋಸ ಮಾಡುವುದು ಕಷ್ಟ ಎಂದು ಶೇಖಮ್ಮನಿಗೆ ಅನ್ನಿಸಿತು. ಇಂಥವಳಿಗೆ ನಿಜ ಹೇಳಿದ್ದರೆ ಅರ್ಥವಾಗುತ್ತಿತ್ತು ಎಂದೂ ಅನ್ನಿಸಿತು. ಹೊರಗೆ ವಿರೂಪಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು, ನಮ್ಮ ಓಣಿಯವರ ಒಗ್ಗಟ್ಟು ಎಂದು ಶುರುಮಾಡಿದ. ರಾಮಲಿಂಗಪ್ಪನವರು ಪ್ರತಿ ವಾಕ್ಯಕ್ಕೂ ತಲೆ ತೂಗುತ್ತಿದ್ದರು. ಆ ಹೆಂಗಸು ಎಲ್ಲ ಕೇಳಿಸಿಕೊಂಡು, ಹೊಸ್ತಿಲಿಗೆ ಬಂದು, ಗುಂಪಿನ ಕಡೆ ನೋಡುತ್ತ ಮೆತ್ತಗೆ ಕೇಳಿದಳು.

"ಊಟ ಸರಿ, ನೀರು ಸರಿ. ದಿನಾ ಬೆಳಿಗ್ಗೆ ಇವರನ್ನು ತೊಳೆಯೋದು ಯಾರು? ಇಷ್ಟು ಚೆನ್ನಾಗಿ ತೊಳೆದವರನ್ನು ನಾನು ನೋಡಬೇಕು."

ಅಮರಮ್ಮ ಕೊಡದ ಬಾಯಿಗೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಎತ್ತರಕ್ಕೆ ಬೆಳೆದ ಮಗಳು. ಕೊಡದ ಮೇಲಿನ ಬೆರಳುಗಳು ಬೆಳ್ಳಗಾಗಿದ್ದನ್ನು ಶೇಖಮ್ಮ ಅಷ್ಟು ದೂರದಿಂದ ಕಂಡಳು. ವರದಿಯ ಸಾಲು ನಿಜವಾಗಲು ಈಗ ಒಂದೇ ಹೆಸರು ಸಾಕಿತ್ತು. ಅವಳು ಮಾಡಿದ ಯೋಜನೆ, ಅವಳ ಮೂರು ವರ್ಷ, ಮಿಕ್ಕ ಮನೆಗಳಿಗೆ ಬರಬಹುದಾಗಿದ್ದ ನೆರವು ಎಲ್ಲ ಆ ಒಂದು ಹೆಸರಿನ ಮೇಲೆ ನಿಂತಿತ್ತು, ಆ ಹೆಸರಿನ ಹೆಂಗಸು ಹತ್ತು ಮಾರು ದೂರದಲ್ಲಿ ನಿಂತಿದ್ದಳು.

"ನಾನು" ಎಂದಳು ಶೇಖಮ್ಮ.

ರಾಮಲಿಂಗಪ್ಪನವರ ತಲೆ ತೂಗುವುದು ನಿಂತಿತು. ವಿರೂಪಣ್ಣ ಮಾತ್ರ, ಇದರಲ್ಲಿ ಆಶ್ಚರ್ಯವೇನಿದೆ ಎಂಬಂತೆ, ಬೆಂಗಳೂರಿನವಳಿಗೆ ವಿವರಿಸಿ ಹೇಳಿದ: "ಹೌದ್ರಿ, ಅದೊಂದು ಅವರ ಮಾಡ್ತಾರ. ಅವರಿಗೆ ಅದು ಮೊದಲಿಂದ ರೂಢಿ ಅದ."

ಗುಂಪಿನಲ್ಲಿ ಒಬ್ಬರೂ ಅನುಮಾನಿಸಲಿಲ್ಲ. ಅದೇ ಅವಳನ್ನು ಸುಟ್ಟಿತು. ಸುಳ್ಳು ಹೇಳಿದರೆ ಯಾರಾದರೂ 'ಛೇ, ಓದಿದವರು ನೀವ್ಯಾಕೆ' ಎಂದಾರು ಎಂದು ಎಲ್ಲೋ ಒಂದು ಮೂಲೆಯಲ್ಲಿ ಆಸೆಯಿತ್ತೇನೋ. ಎಲ್ಲರ ಮುಖದಲ್ಲೂ, ಇಷ್ಟು ದಿನ ಸರಿಯಾಗಿ ಕೂರದಿದ್ದ ಒಂದು ವಸ್ತು ಅದರ ಜಾಗಕ್ಕೆ ಹೋಗಿ ಕೂತ ಸಮಾಧಾನ ಮಾತ್ರ ಇತ್ತು. ಅವ್ವ ಹಳ್ಳಕ್ಕೆ ಹೋಗುವಾಗ ದಾರಿ ಬಿಟ್ಟು ನಿಲ್ಲುತ್ತಿದ್ದ ಮುಖಗಳೂ ಹೀಗೇ ಇರುತ್ತಿದ್ದವು. ಬೆಂಗಳೂರಿನ ಹೆಂಗಸು ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಪುಸ್ತಕದಲ್ಲಿ ಬರೆದುಕೊಂಡಳು.

ಹದಿನೈದು ದಿನಕ್ಕೆ ಬೆಂಗಳೂರಿನಿಂದ ಕಾಗದ ಬಂತು. ಕಾರ್ಯಕರ್ತೆಯ ನಿಷ್ಠೆ ಮೆಚ್ಚತಕ್ಕದ್ದು. ಆದರೆ ಮುಖ್ಯವಾದ ಆರೈಕೆಯನ್ನು ಸಂಘದ ಸಿಬ್ಬಂದಿಯೇ ಮಾಡುತ್ತಿರುವುದರಿಂದ ಓಣಿಯವರು ಹೊಣೆ ಹೊತ್ತಿದ್ದಾರೆ ಎನ್ನಲಾಗದು. ಮಾನ್ವಿಯ ಪ್ರಯೋಗವನ್ನು ಮುಂದುವರಿಸುವುದು ಬೇಡ. ರಾಮಲಿಂಗಪ್ಪನವರು ಅದನ್ನು ಅವಳ ಮುಂದೆ ತಳ್ಳಿ, 'ಯಾರ್ದಾದ್ರೂ ಒಂದು ಹೆಸರು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?' ಎಂದರು. ಅಷ್ಟರಲ್ಲಿ ಮಾನ್ವಿಯಲ್ಲಿ ಇನ್ನೊಂದಾಗಿತ್ತು. ವಿರೂಪಣ್ಣನ ಮನೆಯಿಂದ ಮಧ್ಯಾಹ್ನದ ರೊಟ್ಟಿ ಬರುವುದು ನಿಂತಿತು. ಅಕ್ಕಾರ ಎಲ್ಲ ಮಾಡ್ತಾರಂತಲ್ಲ, ರೊಟ್ಟಿನೂ ಅವರ ತರ್ಲಿ ಎಂದನಂತೆ. ಮಿಕ್ಕ ಮನೆಗಳೂ ಒಂದೊಂದಾಗಿ ಕೈಬಿಟ್ಟವು. ಅಮರಮ್ಮ ಬಾಗಿಲು ಮುಂದೆ ಮಾಡಿಕೊಂಡು, ತೊಳೆಯುತ್ತಲೇ, ಶೇಖಮ್ಮನ ಮುಖ ನೋಡದೆ ಬೈದಳು.

"ನಾನು ಅಂತ ಯಾಕಂದ್ರಿ? ಗೊತ್ತಿಲ್ಲ ಅನಬೇಕಿತ್ತು. ಈಗ ನೋಡ್ರಿ, ರೊಟ್ಟಿನೂ ನನ್ನ ಕೊಳ್ಳಿಗೆ ಬಿತ್ತು."

"ನಿಮ್ಮ ಸಲುವಾಗಿ ಅಂದೆ ಅಮರಮ್ಮ."

"ಹೌದ್ರಿ. ಅದಕ್ಕ ಬೈಯ್ಯಾಕತ್ತೀನಿ. ಇಲ್ಲಂದ್ರ ಸುಮ್ನಿರ್ತಿದ್ದೆ."

ನಲವತ್ತಮೂರನೆಯ ದಿನ ಸಂಘ ಕೈಬಿಟ್ಟ ಮಾನ್ವಿಯ ಫೈಲುಗಳನ್ನು ಮುಚ್ಚಲು ಶೇಖಮ್ಮ ಬಂದಾಗ ಬೇಗಂ ಬಂದಿದ್ದಳು. ಮಗಳಿಗೆ ಹೆಣ್ಣುಕೂಸು, ತಾಯಿ ಮಗು ಚೆನ್ನಾಗಿದ್ದರು. ಭೀಮವ್ವ, ಮೂರು ದಿನ ತಡಮಾಡಿದಿ ಎಂದು ಜಗಳ ತೆಗೆದಿದ್ದಳು, ಬಾಯಲ್ಲಿ ಬೇಗಂ ಇಟ್ಟ ಖಜೂರವಿತ್ತು. ಬೇಗಂ ಅವಳನ್ನು ಹೊರಳಿಸಿ, ಹೊಲಿದುಕೊಟ್ಟ ಕೌದಿಯ ಹೊಲಿಗೆ ನೋಡುವ ಹಾಗೆ ಬೆನ್ನಿನ ಮೇಲೆಲ್ಲ ಬೆರಳಾಡಿಸಿ ನೋಡಿದಳು. ಹುಣ್ಣಿನ ಜಾಗದಲ್ಲಿ ಎಳೆಯ ಚರ್ಮ ಹೊಳೆಯುತ್ತಿತ್ತು.

"ಯಾರು ತೊಳದ್ರು?"

"ಅಕ್ಕಾರು" ಎಂದಳು ಭೀಮವ್ವ, ಗೋಡೆ ನೋಡುತ್ತ.

ಬೇಗಂ ಶೇಖಮ್ಮನ ಕೈಗಳನ್ನು ನೋಡಿದಳು. ಆಮೇಲೆ ಬಾಗಿಲಾಚೆ, ಬೋರಿಂಗಿನ ಹಿಡಿಕೆಯನ್ನು ಒತ್ತುತ್ತಿದ್ದ ಅಮರಮ್ಮನನ್ನು ನೋಡಿದಳು. ಯಾರಿಗೂ ಹೇಳದವಳ ಹಾಗೆ ದನಿ ಎತ್ತಿ, "ಮೊಹರಮ್ಮಿಗೆ ಮತ್ತ ನಾಕ್ ದಿನ ಹೋಗ್ಬೇಕಾಗ್ತದ" ಎಂದಳು. ಹಿಡಿಕೆಯ ಸದ್ದಿನ ನಡುವೆ ಹೊರಗಿನಿಂದ, "ಹೋಗಿ ಬಾ, ಯಾರು ಹಿಡದಾರ" ಎಂದು ಉತ್ತರ ಬಂತು. ಶೇಖಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಸಂತೋಷವಾಗಬೇಕಾಗಿತ್ತು, ಅವಳಿಗೆ ಆದದ್ದು ಹೊಟ್ಟೆಕಿಚ್ಚಿನಂಥದೇನೋ. ತಾನು ಪಟ್ಟಿ ಮಾಡಿ, ಸಭೆ ಕೂಡಿಸಿ, ಕಾಲಿಗೆ ಬಿದ್ದು ಮಾಡಲಾಗದ್ದು ಹೀಗೆ ಎರಡು ಮಾತಿನಲ್ಲಿ ಮುಗಿಯಿತು, ಆ ಎರಡು ಮಾತನ್ನು ತಾನು ಎಲ್ಲೂ ಬರೆಯುವಂತಿಲ್ಲ.

ಬಸ್ಸಿಗೆ ಹೊತ್ತಾಗುತ್ತಿತ್ತು. ಅವಳು ಚೀಲದಿಂದ ಕಾಗದ, ಮಸಿಯ ಡಬ್ಬಿ ತೆಗೆದು ಹಾಸಿಗೆಯ ಪಕ್ಕ ಕೂತಳು.

"ಯವ್ವಾ, ಇಲ್ಲೊಂದು ಹೆಬ್ಬೆಟ್ಟು ಒತ್ತಬೇಕು."

"ಏನ್ ಬರದದ ಇದರಾಗ?"

ಪುಸ್ತಕದ ಪದ ನಾಲಿಗೆಯ ತುದಿಗೆ ಬಂದಿತ್ತು. ಶೇಖಮ್ಮ ಅದನ್ನು ಬಿಟ್ಟು ಹೇಳಿದಳು: "ಇನ್ನ ಮುಂದ ನಾವು ನಿಮ್ಮ ಮನಿಗೆ ಬರಂಗಿಲ್ಲ ಅಂತ ಬರದದ."

ಭೀಮವ್ವ ಅವಳನ್ನು ನೋಡಿದಳು. ಮೂರು ವರ್ಷದಲ್ಲಿ ಒಮ್ಮೆಯೂ ಹೆಸರು ಕೇಳದವಳು, 'ಬರ್ತಿ, ಹೋಗ್ತಿ' ಎಂದಷ್ಟೇ ಮಾತಾಡಿಸಿದವಳು. ಮಸಿಯ ಕಡೆಗೆ ಅರ್ಧ ಬಂದಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು, ಹೆಬ್ಬೆಟ್ಟನ್ನು ಒಳಗೆ ಮಡಿಚಿ ಮುಷ್ಟಿ ಬಿಗಿದಳು.

"ಹಂಗಾದ್ರ ನಾ ಒತ್ತಂಗಿಲ್ಲ."

"ಒತ್ತಲಿಲ್ಲಂದ್ರ ನನಗ ಬೈತಾರ ಯವ್ವಾ."

"ಬೈಸ್ಕೊ" ಎಂದಳು ಭೀಮವ್ವ, ಮುಷ್ಟಿಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.